ಮಾತಾಡಬಾರದ ಬಾವಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಗಾಬರಿಯಾಗಬೇಡಿ, ನೀರು ಕುಡಿಯುವ ವಿಷಯದಲ್ಲಿ. ನಾನು ನೀರನ್ನು ಎತ್ತಿ ಕುಡಿಯುತ್ತೇನೆ. ಬಾಟಲಿಯನ್ನು ತುಟಿಗೆ ತಾಗಿಸದೆ ನಾಲ್ಕು ಬೆರಳು ಮೇಲೆ ಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ, ಗಳಗಳ ಅಂತ ಬಾಯಿಗೆ ಸುರಿದುಕೊಳ್ಳುವುದು. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ, ನೀವೂ ಹಾಗೆಯೇ ಕುಡಿದು ಬೆಳೆದವರಿರಬಹುದು. ಆದರೆ ಸ್ವೀಡನ್ನಿನ ಮೋಲ್ನ್‌ಡಾಲ್ ಎಂಬ ಊರಿನಲ್ಲಿ, ಮಾತ್ರೆಗಳು ತೇವಕ್ಕೆ ಎಷ್ಟು ದಿನದಲ್ಲಿ ಕೆಡುತ್ತವೆ ಎಂದು ಕಾಯುತ್ತಾ ಕೂರುವ ನಮ್ಮ ಪ್ರಯೋಗಾಲಯದಲ್ಲಿ, ಇದು ವಿಶೇಷವೇ. ಹೋದ ವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಾನು ನೀರು ಕುಡಿಯುವುದನ್ನು ಕಣ್ಣು ಮಿಟುಕಿಸದೆ ನೋಡಿ, ಬಹಳ ಸಂಕೋಚದಿಂದ ಕೇಳಿದಳು: "ನಿನಗೆ ಹಲ್ಲುನೋವಾ?"

ನನಗೆ ನಗು ಬಂತು. ಎತ್ತಿ ಕುಡಿಯುವಾಗ ನಗುವುದು ಎಷ್ಟು ಅಪಾಯವೆಂದು ಬಲ್ಲವರೇ ಬಲ್ಲರು. ನೀರು ಮೂಗಿಗೆ ಹತ್ತಿ, ಬಿಳಿ ಕೋಟು ತೊಯ್ದು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸುಧಾರಿಸಿಕೊಂಡು, "ಹೌದು, ಹಲ್ಲುನೋವು" ಎಂದುಬಿಟ್ಟೆ. ಇನ್ನೇನು ಹೇಳಲಿ? ಎಂಜಲು ಎಂಬುದನ್ನು ಸ್ವೀಡಿಷ್‌ನಲ್ಲಿ ಹೇಗೆ ವಿವರಿಸುವುದು? ನನ್ನ ಸ್ವಂತ ಬಾಟಲಿಗೆ ನನ್ನ ಸ್ವಂತ ಬಾಯಿ ತಾಗಿದರೆ ಏನಾಗುತ್ತದೆ ಎಂದು ಅವಳು ಕೇಳಿದರೆ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ನನ್ನ ಹತ್ತಿರ ಇರುವುದು ಒಂದೇ ಉತ್ತರ. ನಮ್ಮಮ್ಮ ಬೈಯುತ್ತಾಳೆ.

ನಮ್ಮಮ್ಮ ಮಧುಗಿರಿ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದವಳು. ನಾಲ್ಕನೇ ಕ್ಲಾಸು ಅವಳ ಸಾಮ್ರಾಜ್ಯ. ಕ್ಲಾಸಿನ ಮೂಲೆಯಲ್ಲಿ ಮಣ್ಣಿನ ಗಡಿಗೆ, ಅದರ ಮುಚ್ಚಳದ ಮೇಲೆ ಒಂದೇ ಒಂದು ಹಿತ್ತಾಳೆ ಚೊಂಬು. ಐವತ್ತು ಮಕ್ಕಳೂ ಆ ಒಂದೇ ಚೊಂಬಿನಲ್ಲಿ ಕುಡಿಯಬೇಕು, ಆದ್ದರಿಂದ ಎತ್ತಿಯೇ ಕುಡಿಯಬೇಕು. ಕಚ್ಚಿ ಕುಡಿದು ಸಿಕ್ಕಿಬಿದ್ದವರು ಚೊಂಬನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಬೇಕು. ನಾನೂ ಅದೇ ಕ್ಲಾಸಿನಲ್ಲಿದ್ದೆ. ಶಾಲೆಯಲ್ಲಿ ಅವಳನ್ನು ಅಮ್ಮ ಎನ್ನುವಂತಿರಲಿಲ್ಲ, ಎಲ್ಲರಂತೆ 'ಮಿಸ್' ಎನ್ನಬೇಕು. ಸ್ವಂತ ಮಗಳಿಗೆ ರಿಯಾಯಿತಿ ತೋರಿಸಿದಳು ಎಂಬ ಮಾತು ಬರಬಾರದೆಂದು ಆಕೆ ಬೇರೆಯವರು ಕುಡಿಯುವಾಗ ಬೋರ್ಡಿನ ಕಡೆ ತಿರುಗಿರುತ್ತಿದ್ದಳು, ನಾನು ಕುಡಿಯುವಾಗ ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದಳು. ನಮ್ಮ ಶಾಲೆಯ ಚೊಂಬು ಬಂಗಾರದ ಹಾಗೆ ಹೊಳೆಯುತ್ತಿತ್ತೆಂದು ಇನ್‌ಸ್ಪೆಕ್ಟರು ಮೆಚ್ಚಿ ಬರೆದಿದ್ದರಂತೆ. ಆ ಮೆಚ್ಚುಗೆಯಲ್ಲಿ ನನ್ನ ಪಾಲು ದೊಡ್ಡದು.

ಅಮ್ಮನ ಗಂಟಲಿನ ಬಗ್ಗೆಯೂ ಹೇಳಬೇಕು. ಅದಕ್ಕೆ ಮೈಕು ಬೇಕಿರಲಿಲ್ಲ. ಆಕೆ "ಕೈ ಕಟ್! ಬಾಯ್ ಮುಚ್!" ಎಂದಳೆಂದರೆ ಐವತ್ತು ಮಕ್ಕಳು ಎದೆಯ ಮೇಲೆ ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂತುಬಿಡುತ್ತಿದ್ದವು. ಶಾಲೆಯ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದವರೂ ಒಂದು ಗಳಿಗೆ ಸೈಕಲ್ಲಿನಿಂದ ಇಳಿದುಬಿಡುತ್ತಿದ್ದರು ಎಂದು ನಮ್ಮ ಚಿಕ್ಕಮ್ಮ ಹೇಳುತ್ತಾಳೆ. ಚಿಕ್ಕಮ್ಮನ ಮಾತನ್ನು ಅರ್ಧ ನಂಬಬೇಕು. ಅರ್ಧವೇ ಸಾಕಾಗುತ್ತದೆ.

ಆ ಹುಡುಗಿಗೆ ಹಲ್ಲುನೋವಿನ ಸುಳ್ಳು ಹೇಳಿ ಕೋಟು ಒರೆಸಿಕೊಳ್ಳುತ್ತಿದ್ದಾಗ ನನಗೆ ನೆನಪಾದದ್ದು ಹೋದ ವರ್ಷ ನೋಡಿದ ಒಂದು ಬಾವಿ. ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ಮರ್ಯಾದೆ ಉಳಿಯುವಂಥದ್ದೇನೂ ಇಲ್ಲ.

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಅಮ್ಮ ಮೂರು ತಿಂಗಳ ವೀಸಾದಲ್ಲಿ ನಮ್ಮ ಮನೆಗೆ ಬಂದಳು. ಬಂದ ಮೂರನೇ ದಿನ ಟ್ರಾಮಿನಲ್ಲಿ ಪಕ್ಕದ ದೊಡ್ಡ ನಗರ ಯೋಟೆಬೊರಿಗೆ ಹೋಗುತ್ತಿದ್ದೆವು. ಚಿಕ್ಕಮ್ಮನ ಫೋನು ಬಂತು. ಅಮ್ಮನಿಗೆ ಫೋನೆಂದರೆ ಸ್ಪೀಕರೇ. ಚಿಕ್ಕಮ್ಮನ ಪಕ್ಕದ ಮನೆಯವರು ಹಾಕಿದ ಮಾವಿನಕಾಯಿ ಉಪ್ಪಿನಕಾಯಿಗೆ ಬೂಷ್ಟು ಬಂದಿತ್ತು. ಅದರ ಕಾರಣಗಳನ್ನು ಇಬ್ಬರೂ ಸೇರಿ ಪರಿಶೀಲಿಸುತ್ತಿದ್ದರು. ಟ್ರಾಮಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಕಿಟಕಿಯ ಆಚೆ ನೋಡತೊಡಗಿದರು. ನಾನು ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಈ ಕಿಟಕಿ ನೋಡುವುದರ ಅರ್ಥ ನನಗೆ ಚೆನ್ನಾಗಿ ಗೊತ್ತು.

"ಅಮ್ಮಾ, ಮೆಲ್ಲಗೆ. ಜನ ನೋಡ್ತಾರೆ" ಎಂದೆ.

ಅಮ್ಮ ಸುತ್ತ ನೋಡಿದಳು. "ಎಲ್ಲೇ? ಒಬ್ರೂ ನೋಡ್ತಾ ಇಲ್ವಲ್ಲೇ?"

"ಅದೇ ಅಮ್ಮ. ಇಲ್ಲಿ ನೋಡೋದು ಅಂದ್ರೆ ಹಂಗೇನೇ."

ಅಮ್ಮ ಫೋನು ಇಟ್ಟಳು. ಆಮೇಲೆ ಮೆಟ್ಟಿಲ ಮೇಲೆ "ಮೆಲ್ಲಗೆ". ಬಾಲ್ಕನಿಯಿಂದ ಕೆಳಗೆ ಆಡುತ್ತಿದ್ದ ನನ್ನ ಮಗಳನ್ನು ಊಟಕ್ಕೆ ಕರೆದಾಗ "ಅಮ್ಮಾ, ಮೆಲ್ಲಗೆ". ಅಂಗಡಿಯಲ್ಲಿ ಸೌತೆಕಾಯಿಯ ಉದ್ದ ನೋಡಿ ಉದ್ಗರಿಸಿದಾಗ "ಶ್, ಮೆಲ್ಲಗೆ". ಸ್ವೀಡಿಷರು ಬಿಡಿ, ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದ ಸ್ವೀಡಿಷಳು ನಾನು. ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಅಮ್ಮ ಏನೋ ಹೇಳಲು ಬಾಯಿ ತೆಗೆದಳು. ನಾವು ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ನನ್ನ ಏಳು ವರ್ಷದ ಮಗಳು ತುಟಿಯ ಮೇಲೆ ಬೆರಳಿಟ್ಟು, ನನ್ನದೇ ಧಾಟಿಯಲ್ಲಿ, "ಶ್, ಅಜ್ಜಿ" ಎಂದಳು. ನಾವೆಲ್ಲ ನಕ್ಕೆವು. ಅಮ್ಮನೂ ನಕ್ಕಳು. ಅಂದಿನಿಂದ ಅಮ್ಮ ಮಾತು ನಿಲ್ಲಿಸಿದಳು.

ಹೀಗೆ ಒಂದರ ಹಿಂದೊಂದು ಹೇಳುತ್ತಿರುವುದು ಈಗ. ಆಗ ನನಗೆ ಏನೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ನಾಲ್ಕು ದಿನ ಹಾಯೆನಿಸಿತ್ತು. ಆಮೇಲೆ ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು, "ಹೂಂ", "ಬೇಡ", "ಆಯ್ತು" ಇಷ್ಟರಲ್ಲೇ ಅವಳ ದಿನ ಮುಗಿಯತೊಡಗಿತು. ಸಾರಿಗೆ ಉಪ್ಪು ಹೆಚ್ಚಾದರೂ ಹೇಳಲಿಲ್ಲ. ನನ್ನ ಸಾರಿಗೆ! ಚಿಕ್ಕಮ್ಮನ ಫೋನು ಬಂದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು. ನಮ್ಮವರು, ಅಂದರೆ ನನ್ನ ಗಂಡ, ಉಡುಪಿ ಕಡೆಯವರು, ಯಾವ ಸಮಸ್ಯೆಗೂ ಬೇಗ ಪರಿಹಾರ ಕಾಣುವವರು. "ಬಿಸಿಲು ಕಮ್ಮಿ ಅಲ್ವಾ ಮಾರಾಯ್ತಿ, ವಿಟಮಿನ್ ಡಿ ಕೊಡು" ಎಂದರು. ನಾನು ಥೈರಾಯ್ಡ್ ಇರಬಹುದೆಂದೆ. ಇಬ್ಬರೂ ಕೂತು ಅಮ್ಮನ ಎಲ್ಲ ಅಂಗಗಳ ಮೇಲೂ ಅನುಮಾನಪಟ್ಟೆವು. ನನ್ನ ನಾಲಿಗೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅಮ್ಮ ಹೇಳಿದಳು: "ನನ್ನ ಟಿಕೆಟ್ ಮುಂಚೆ ಮಾಡಿಸೇ."

"ಯಾಕಮ್ಮ? ಜುಲೈ ಕೊನೆವರೆಗೂ ಇದೆಯಲ್ಲ?"

"ಸುಮ್ನೆ."

'ಯಾಕೆ' ಎಂಬ ಪ್ರಶ್ನೆಗೆ ಮುಕ್ಕಾಲು ಗಂಟೆ ಉತ್ತರ ಕೊಡಬಲ್ಲ ನನ್ನಮ್ಮ 'ಸುಮ್ನೆ' ಎಂದಿದ್ದಳು. ಬರುವ ಭಾನುವಾರ ಸಂಜೆ ಕೂತು ಟಿಕೆಟ್ ಬದಲಾಯಿಸುತ್ತೇನೆ ಎಂದು ಮಾತು ಕೊಟ್ಟೆ, ಅಷ್ಟರಲ್ಲಿ ಅವಳ ಮನಸ್ಸು ಬದಲಾಗಲಿ ಎಂದು ಒಳಗೊಳಗೇ ಹಾರೈಸಿಕೊಂಡೆ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆ. ಮೊದಲೇ ಸಮಯ ಕಾಯ್ದಿರಿಸಿ, ಬಟ್ಟೆ ಹಾಕಿ, ಮೇಲೆ ಬಂದುಬಿಡಬಹುದು. ಅಮ್ಮ ಮಾತ್ರ ಮೆಷಿನ್ನಿನ ಮುಂದೆಯೇ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಬಟ್ಟೆ ತಿರುಗುವುದನ್ನಾದರೂ ನೋಡಬಹುದಲ್ಲ ಎಂದೋ ಏನೋ. ಕೆಳಗಿನ ಮನೆಯ ಬಿರ್ಗಿಟ್ಟಾ ಕೂಡ ಅಲ್ಲಿಗೆ ಬಂದು ಕೂರುತ್ತಿದ್ದಳು. ಎಪ್ಪತ್ತೆಂಟು ವರ್ಷ, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಗಂಡ ತೀರಿಕೊಂಡು ನಾಲ್ಕು ವರ್ಷ. ಇಬ್ಬರಿಗೂ ಒಬ್ಬರದೊಬ್ಬರ ಭಾಷೆ ಬಾರದು. ಒಂದು ದಿನ ಮೆಟ್ಟಿಲ ಹತ್ತಿರ ಬಿರ್ಗಿಟ್ಟಾ ನನ್ನನ್ನು ತಡೆದು ನಿಲ್ಲಿಸಿದಳು.

"ನಿನ್ನಮ್ಮ ಎಷ್ಟು ಶಾಂತ! ಒಂದು ಗಂಟೆ ಪಕ್ಕದಲ್ಲಿ ಕೂತರೂ ಒಂದು ಮಾತಿಲ್ಲ. ನಮ್ಮ ಸ್ವೀಡಿಷರ ಹಾಗೇ."

ಅಮ್ಮನಿಗೆ ಅರವತ್ತೊಂಬತ್ತು ವರ್ಷದಲ್ಲಿ ಯಾರೂ ಇಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ, ಕಣ್ಣು ತುಂಬಿ ಬಂತು. ಅಲ್ಲೇ ಮೆಟ್ಟಿಲ ಮೇಲೆ ನಿಂತು, ಅಮ್ಮ ಹೀಗಲ್ಲ, ಅವಳ ಮಾತು ಎಲ್ಲೋ ಕಳೆದುಹೋಗಿದೆ, ವಾಪಸ್ ಹೊರಟಿದ್ದಾಳೆ ಎಂದೆಲ್ಲ ಹೇಳಿಬಿಟ್ಟೆ. ಯಾರು ಕಳೆದದ್ದು ಎಂಬುದನ್ನು ಮಾತ್ರ ಹೇಳಲಿಲ್ಲ.

ಬಿರ್ಗಿಟ್ಟಾ, "ಹಾಗಾದರೆ ಭಾನುವಾರ ನನ್ನ ಜೊತೆ ಬಾವಿಗೆ ಬನ್ನಿ" ಎಂದಳು.

ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಕಾಡಿನೊಳಗೆ ಒಂದು ಹಳೆಯ ಪವಿತ್ರ ಬಾವಿ ಇದೆಯಂತೆ. ಕ್ರೈಸ್ತ ಧರ್ಮ ಈ ಕಡೆ ಬರುವುದಕ್ಕೂ ಮುಂಚಿನದು. ಈಸ್ಟರ್ ಆಗಿ ಎಂಟು ವಾರಕ್ಕೆ ಬರುವ ಭಾನುವಾರ ಅಲ್ಲಿಗೆ ಹೋಗಬೇಕು. ಕಾಡಿನ ಗೇಟು ದಾಟಿದ ಮೇಲೆ ಯಾರೂ ಒಂದು ಮಾತೂ ಆಡಬಾರದು. ಬಾವಿಯ ನೀರನ್ನು ಮೂರು ಗುಟುಕು ಕುಡಿದು, ಒಂದು ನಾಣ್ಯವನ್ನೋ ಗುಂಡುಸೂಜಿಯನ್ನೋ ಹಾಕಿ, ಕಳೆದುಹೋದದ್ದನ್ನು ಮನಸ್ಸಿನಲ್ಲೇ ಕೇಳಿಕೊಂಡು, ಹಾಗೇ ಬಾಯಿ ಮುಚ್ಚಿಕೊಂಡು ಗೇಟಿನವರೆಗೆ ವಾಪಸ್ ಬರಬೇಕು. ನಡುವೆ ಯಾರಾದರೂ ಮಾತಾಡಿದರೆ ಮತ್ತೆ ಗೇಟಿನಿಂದ ಶುರು. ಮೊದಲೆಲ್ಲ ಜನ ಕಣ್ಣಿನ ದೃಷ್ಟಿ ಕೇಳುತ್ತಿದ್ದರಂತೆ, ಈಗ ಏನು ಬೇಕಾದರೂ ಕೇಳುತ್ತಾರಂತೆ.

"ನೀನು ಇದನ್ನೆಲ್ಲ ನಂಬ್ತೀಯಾ?" ಎಂದು ಕೇಳಿದೆ.

"ಛೆ ಛೆ, ಇಲ್ಲವೇ ಇಲ್ಲ" ಎಂದಳು ಬಿರ್ಗಿಟ್ಟಾ. "ಪ್ರತಿ ವರ್ಷ ಹೋಗ್ತೀನಿ, ಅಷ್ಟೇ."

ಮಾತು ಕಳೆದುಕೊಂಡವಳನ್ನು ಮಾತಾಡಬಾರದ ಬಾವಿಗೆ ಕರೆದುಕೊಂಡು ಹೋಗುವುದು ಯಾವ ವೈದ್ಯವೋ ನನಗೆ ತಿಳಿಯಲಿಲ್ಲ. ಆದರೆ ಅಮ್ಮನಿಗೆ ಹೇಳಿದಾಗ ಅವಳ ಹುಬ್ಬು ಮೇಲೆದ್ದಿತು. "ಬಾವಿನಾ? ನಮ್ಮ ತಲಪರಿಗೆ ಥರಾನಾ?" ಎಂದಳು. ಮೂರು ವಾರದಲ್ಲಿ ಅದೇ ದಾಖಲೆ, ಒಟ್ಟಿಗೆ ಎರಡು ವಾಕ್ಯ. ತಲಪರಿಗೆ ಎಂದರೆ ನಮ್ಮ ಮಧುಗಿರಿ ಕಡೆ ಮರಳು ನೆಲದಲ್ಲಿ ತಾನಾಗಿ ಜಿನುಗುವ ಒರತೆ. ಕೈಯಲ್ಲಿ ಮರಳು ಸರಿಸಿದರೆ ಸಾಕು, ತಿಳಿನೀರು ಬಂದು ನಿಲ್ಲುತ್ತದೆ. ಹಗ್ಗ ಬೇಡ, ರಾಟೆ ಬೇಡ. ಅಮ್ಮನ ತೌರಿನಲ್ಲಿ ಒಂದು ಇತ್ತು.

ಭಾನುವಾರ ಅಮ್ಮ ಜರಿಯಂಚಿನ ಸೀರೆ ಉಟ್ಟು, ಅದರ ಕೆಳಗೆ ನಾನು ಕೊಡಿಸಿದ ಓಟದ ಬೂಟು ಹಾಕಿ, ಚೀಲದಲ್ಲಿ ಅರಿಸಿನ ಕುಂಕುಮ ಇಟ್ಟುಕೊಂಡು ಸಿದ್ಧಳಾದಳು. ನಾನು ನನ್ನ ಧರ್ಮಕ್ಕೆ ತಕ್ಕಂತೆ ಸೊಳ್ಳೆ ಮುಲಾಮು, ಫ್ಲಾಸ್ಕಿನಲ್ಲಿ ಕುದಿಸಿ ಆರಿಸಿದ ನೀರು ಇಟ್ಟುಕೊಂಡೆ. ಪವಿತ್ರವೋ ಅಲ್ಲವೋ, ಪರೀಕ್ಷೆಯಾಗದ ನೀರನ್ನು ಅಮ್ಮನಿಗೆ ಕುಡಿಸುವ ಧೈರ್ಯ ನನಗಿರಲಿಲ್ಲ. ಅವಳು ಕಣ್ಣು ಮುಚ್ಚಿದಾಗ ಫ್ಲಾಸ್ಕಿನ ನೀರು ಕೊಟ್ಟುಬಿಡುವುದು ನನ್ನ ಯೋಜನೆ.

ಟ್ರಾಮು, ಬಸ್ಸು, ಆಮೇಲೆ ಕಾಡಿನ ಗೇಟು. ಗೇಟು ಎಂದರೆ ಎರಡು ಕಂಬ, ನಡುವೆ ಒಂದು ಅಡ್ಡಮರ. ಬಿರ್ಗಿಟ್ಟಾ ತುಟಿಗೆ ಬೆರಳಿಟ್ಟು ಒಳಗೆ ಹೆಜ್ಜೆಯಿಟ್ಟಳು. ಅಮ್ಮ ಅವಳ ಹಿಂದೆ, ಅಮ್ಮನ ಹಿಂದೆ ನಾನು. ಅರ್ಧ ದಾರಿ ಹೋಗಿರಬೇಕು, ನನ್ನ ಫೋನು ಬಡಿದುಕೊಂಡಿತು. ನಮ್ಮವರು. "ಸಾಸಿವೆ ಎಲ್ಲಿಟ್ಟಿದ್ದಿ?"

"ಎರಡನೇ ಡಬ್ಬಿ" ಎಂದು ಪಿಸುಗುಟ್ಟಿದೆ.

ಬಿರ್ಗಿಟ್ಟಾ ನಿಂತಳು. ತಿರುಗಿದಳು. ಅವಳೂ ಮಾತಾಡುವಂತಿಲ್ಲವಲ್ಲ, ಬಂದ ದಾರಿಯ ಕಡೆ ಬೆರಳು ತೋರಿಸಿದಳು. ಮೂವರೂ ಗೇಟಿನವರೆಗೆ ವಾಪಸ್ ನಡೆದೆವು. ಪಕ್ಕದಲ್ಲಿ ಕೂತವರು ಸಿಕ್ಕಿಬಿದ್ದಾಗ ಮಕ್ಕಳ ಮುಖದಲ್ಲಿ ಬರುವಂಥ ಒಂದು ನಗು ಅಮ್ಮನ ತುಟಿಯ ಅಂಚಿನಲ್ಲಿ ಕಂಡಿತು. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಫೋನು ಆಫ್ ಮಾಡಿ ಎರಡನೇ ಸಲ ಹೊರಟೆ.

ಮಾತಾಡಬಾರದು ಎಂದಾಗ ಆಡಬೇಕಾದ ಮಾತೆಲ್ಲ ನೆನಪಿಗೆ ಬರುತ್ತದೆ. ಅಮ್ಮಾ, ಇಲ್ಲಿ ನೋಡು ಪಾಚಿ ಎಷ್ಟು ದಪ್ಪ. ಅಮ್ಮಾ, ಬೇರು ಇದೆ, ನೋಡಿ ಕಾಲಿಡು. ಅಮ್ಮಾ, ನಿನ್ನ ಕುತ್ತಿಗೆ ಮೇಲೆ ಸೊಳ್ಳೆ. ಒಂದನ್ನೂ ಹೇಳುವಂತಿಲ್ಲ. ಮುಂದೆ ಅಮ್ಮ ನಡೆಯುತ್ತಿದ್ದಾಳೆ, ಅವಳ ಬೆನ್ನು ಸ್ವಲ್ಪ ಬಾಗಿದೆ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಅವಳು ಮೂರು ವಾರದಿಂದ ಹೀಗೇ ನಡೆಯುತ್ತಿದ್ದಾಳೆ ಎಂದು ಆಗ ಹೊಳೆಯಿತು. ನನಗೆ ಅರ್ಧ ಗಂಟೆಯೇ ಇಷ್ಟು ಕಷ್ಟವಾಗುತ್ತಿತ್ತು. ಟ್ರಾಮು, ಮೆಟ್ಟಿಲು, ಬಾಲ್ಕನಿ, ಅಂಗಡಿ ಎಲ್ಲ ನೆನಪಾಯಿತು, ಮಗಳ ಬೆರಳೂ ನೆನಪಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

ಬಾವಿ ನೋಡಿ, ಇಷ್ಟೇನಾ ಎಂದು ಬಾಯಿತಪ್ಪಿ ಹೇಳುವುದರಲ್ಲಿದ್ದೆ. ಪಾಚಿಗಟ್ಟಿದ ನಾಲ್ಕು ಕಲ್ಲು, ನಡುವೆ ಒಂದು ಬಕೆಟ್ಟಿನಷ್ಟು ನೀರು. ಪಕ್ಕದಲ್ಲಿ ಕೊಮ್ಯೂನಿನ, ಅಂದರೆ ಇಲ್ಲಿನ ಪುರಸಭೆಯ, ಬೋರ್ಡು. ಈ ನೀರು ಸಾವಿರಾರು ವರ್ಷದಿಂದ ರೋಗ ಗುಣಪಡಿಸುತ್ತದೆಂಬ ನಂಬಿಕೆ ಇದೆ ಎಂದು ಮೇಲೆ, ಇದರ ಗುಣಮಟ್ಟಕ್ಕೆ ನಾವು ಜವಾಬ್ದಾರರಲ್ಲ ಎಂದು ಕೆಳಗೆ. ನೀರು ಮಾತ್ರ ತಿಳಿಯಾಗಿತ್ತು. ತಳದಲ್ಲಿ ನಾಣ್ಯ, ಸೂಜಿ, ಒಂದು ಗುಂಡಿ ಹೊಳೆಯುತ್ತಿದ್ದವು. ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಒಬ್ಬ ವಯಸ್ಸಾದ ಗಂಡ, ಅವನ ಹೆಂಡತಿ ಆಗಲೇ ಅಲ್ಲಿ ಮೌನವಾಗಿ ನಿಂತಿದ್ದರು. ಕಲ್ಲಿಗೆ ಸರಪಳಿಯಲ್ಲಿ ಕಟ್ಟಿದ ಒಂದು ತಗಡಿನ ಸೌಟು.

ಬಿರ್ಗಿಟ್ಟಾ ಮೊಣಕಾಲೂರಿ ಸೌಟು ತುಂಬಿಸಿ ಕಣ್ಣು ಮುಚ್ಚಿದಳು. ನಾನೂ ಕಣ್ಣು ಮುಚ್ಚಿ, ನನ್ನ ಸರದಿ ಬರುವ ಮೊದಲೇ ಕೇಳಿಕೊಂಡೆ. ಅಮ್ಮನ ಮಾತು ವಾಪಸ್ ಬರಲಿ, ಟಿಕೆಟ್ಟು ಹಾಗೇ ಉಳಿಯಲಿ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಟ್ರಾಮಿನಲ್ಲಿ ಮಾತ್ರ ಸ್ವಲ್ಪ ಮೆಲ್ಲಗಿರಲಿ ಎಂದೂ ಸೇರಿಸಿದೆ. ನನ್ನಂಥವರ ಬೇಡಿಕೆಗೂ ಒಂದು ಷರತ್ತು ಇದ್ದೇ ಇರುತ್ತದೆ.

ಕಣ್ಣು ಬಿಟ್ಟಾಗ ಬಿರ್ಗಿಟ್ಟಾ ಸೌಟಿಗೆ ತುಟಿ ಹಚ್ಚಿ ಕುಡಿಯುತ್ತಿದ್ದಳು. ಒಂದು ಗುಟುಕು. ಎರಡು. ಮೂರು. ಆಮೇಲೆ ಆ ಸೌಟನ್ನು ಹಾಗೇ ತಿರುಗಿಸಿ ಬಾವಿಯೊಳಗೆ ಅದ್ದಿ, ತುಂಬಿಸಿ, ನಗುತ್ತಾ ಅಮ್ಮನ ಕಡೆ ಚಾಚಿದಳು.

ನಾನು ಅಮ್ಮನ ಮುಖ ನೋಡಿದೆ. ಆ ಮುಖವನ್ನು ನಾನು ನಾಲ್ಕನೇ ಕ್ಲಾಸಿನಲ್ಲಿ ನೋಡಿದ್ದೆ. ತುಟಿ ಬಿಗಿಹಿಡಿದಳು. ಒಂದು ಗಳಿಗೆ ತಡೆದಳು. ಇನ್ನೊಂದು ಗಳಿಗೆ ತಡೆದಳು.

"ಅಯ್ಯಯ್ಯೋ ಬಿರ್ಗಿಟ್ಟಮ್ಮಾ! ಏನ್ರೀ ಇದು! ಕಚ್ಚಿ ಕುಡಿದ ಸೌಟನ್ನ ಹಂಗೇ ಬಾವಿಗೆ ಅದ್ದೋದಾ? ಎಂಜಲಾಗೋಯ್ತಲ್ರೀ ಬಾವಿ ಪೂರಾ! ಗಂಗಮ್ಮ ಇರೋ ಜಾಗ ಕಣ್ರೀ ಇದು! ಇಷ್ಟು ವಯಸ್ಸಾಗಿದೆ, ನಿಮಗೆ ಯಾರೂ ಹೇಳ್ಕೊಟ್ಟಿಲ್ವಾ?"

ಮರದ ಮೇಲಿನ ಹಕ್ಕಿಗಳು ಹಾರಿದವು. ಬೆನ್ನುಚೀಲದ ಗಂಡಹೆಂಡತಿ ಬೆಚ್ಚಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಬಿರ್ಗಿಟ್ಟಾ ಸೌಟು ಚಾಚಿದವಳು ಚಾಚಿದಂತೆಯೇ ಇದ್ದಳು. ಅಮ್ಮನಿಗೆ ಯಾವುದೂ ಕಾಣಿಸುತ್ತಿರಲಿಲ್ಲ.

"ನಮ್ಮೂರ ತಲಪರಿಗೆಗೆ ಹಿಂಗೇ ಯಾರೋ ಎಂಜಲು ಚೊಂಬು ಅದ್ದಿಬಿಟ್ಟು, ಮೂರು ದಿನ ಒಂದು ತೊಟ್ಟು ನೀರು ಬರ್ಲಿಲ್ಲ ಗೊತ್ತಾ? ಊರಿಗೆ ಊರೇ ಕಂಗಾಲಾಗೋಯ್ತು. ಯಾರು ಮಾಡಿದ್ದು, ಯಾರು ಮಾಡಿದ್ದು ಅಂತ ಅರಳಿಕಟ್ಟೆ ಮೇಲೆ ಎಲ್ಲರನ್ನೂ ಕೂರಿಸಿ..."

ಅಷ್ಟರಲ್ಲಿ ಅವಳಿಗೆ ನೆನಪಾಯಿತು. ಮಾತು ಅಲ್ಲಿಗೇ ನಿಂತಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳು ನೋಡಿದ್ದು ನಿಯಮ ಹೇಳಿದ ಬಿರ್ಗಿಟ್ಟಾಳನ್ನಲ್ಲ, ಬಾವಿಯನ್ನಲ್ಲ, ಆ ಅಪರಿಚಿತರನ್ನೂ ಅಲ್ಲ. ನನ್ನನ್ನು.

ಆ ನೋಟ ನನಗೆ ಗೊತ್ತು. ಚೊಂಬು ತುಟಿಗೆ ತಾಗಿ, ನೀರು ಗದ್ದದ ಮೇಲೆ ಇಳಿಯುತ್ತಿರುವಾಗ ನಾನು ಮಿಸ್‌ ಅನ್ನು ನೋಡುತ್ತಿದ್ದ ನೋಟ. ನನ್ನಮ್ಮ ನನಗೆ ಹೆದರಿದ್ದಳು. ದಾರಿಯಲ್ಲಿ ಅಷ್ಟು ನಾಚಿಕೊಂಡಿದ್ದರೂ ನನ್ನ ನಾಲಿಗೆಯ ತುದಿಯಲ್ಲಿ ಆಗಲೇ ಬಂದು ಕೂತಿದ್ದದ್ದು ಅದೇ ಒಂದು ಮಾತು, ಮೆಲ್ಲಗೆ. ಅದನ್ನು ನುಂಗಿದೆ. ಬಹಳ ಸಂಕಟವಾಯಿತು.

"ಹೇಳಮ್ಮ" ಎಂದೆ. "ಜೋರಾಗೇ ಹೇಳು. ನಾನು ಅವರಿಗೆ ಸ್ವೀಡಿಷ್‌ನಲ್ಲಿ ಹೇಳ್ತೀನಿ."

"ಬೇಡ ಬಿಡೇ. ಜನ ಇದ್ದಾರೆ."

"ಇರ್ಲಿ. ತಪ್ಪಾಯ್ತಮ್ಮ. ನಿನ್ನ ಬಾಯಿ ಮುಚ್ಚಿಸಿದ್ದು ನಾನೇ. ಬಂದ ದಿನದಿಂದ ಮೆಲ್ಲಗೆ, ಮೆಲ್ಲಗೆ ಅಂತ ಪ್ರಾಣ ತಿಂದೆ. ತಪ್ಪಾಯ್ತು."

ಅಮ್ಮ ನನ್ನ ಮುಖವನ್ನೇ ನೋಡಿದಳು. ತಬ್ಬಿಕೊಳ್ಳುತ್ತಾಳೇನೋ ಎಂದುಕೊಂಡೆ. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಸೆರಗು ಸರಿಮಾಡಿಕೊಂಡು, "ಮೊದ್ಲು ಆ ಸೌಟು ತೊಳಿ" ಎಂದಳು.

ತೊಳೆದೆ. ಹುಣಸೆಹಣ್ಣು ಇರಲಿಲ್ಲ, ಬೂದಿ ಇರಲಿಲ್ಲ. ಕಾಲಬುಡದ ಮರಳು ತೆಗೆದುಕೊಂಡು ತಿಕ್ಕಿ, ನನ್ನ ಕುದಿಸಿ ಆರಿಸಿದ ನೀರನ್ನೆಲ್ಲ ಸುರಿದು ತೊಳೆದೆ. ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಅಮ್ಮ ಬಾವಿಗೆ ಚಿಟಿಕೆ ಅರಿಸಿನ ಕುಂಕುಮ ಹಾಕಿ ಕೈಮುಗಿದು, ಸೌಟು ತುಂಬಿಸಿ, ತಲೆ ಹಿಂದಕ್ಕೆ ವಾಲಿಸಿ ಎತ್ತಿ ಕುಡಿದಳು. ಒಂದು ಹನಿ ಆಚೀಚೆ ಬೀಳಲಿಲ್ಲ. ಆಮೇಲೆ ಸೌಟನ್ನು ಬಿರ್ಗಿಟ್ಟಾಳ ಕೈಗೆ ಕೊಟ್ಟು, "ಈಗ ನೀವು" ಎಂದಳು. ಕನ್ನಡದಲ್ಲೇ. ಬಿರ್ಗಿಟ್ಟಾಳಿಗೆ ಅರ್ಥವಾಯಿತು.

ಮೊದಲ ಸಲ ನೀರು ಅವಳ ಕಣ್ಣಿಗೆ ಹೋಯಿತು. ಎರಡನೇ ಸಲ ಕಾಲರಿನೊಳಗೆ. "ಬಾಯಿ ದೊಡ್ಡದಾಗಿ ತೆಗೀರಿ! ನುಂಗ್ತಾ ಇರ್ಬೇಕು, ನಿಲ್ಲಿಸ್ಬಾರ್ದು!" ಎಂದು ಅಮ್ಮ ಕಾಡು ಕೇಳುವಂತೆ ಹೇಳಿದಳು. ನಾನು ಅದಕ್ಕಿಂತ ಗಟ್ಟಿಯಾಗಿ ಅನುವಾದ ಮಾಡಿದೆ. ಬೆನ್ನುಚೀಲದ ಗಂಡ ಹತ್ತಿರ ಬಂದು ತಾನೂ ಒಂದು ಸಲ ನೋಡಬಹುದೇ ಎಂದು ಕೇಳಿದ. ಸ್ವಲ್ಪ ಹೊತ್ತಿನಲ್ಲಿ ಮೂವರು ಸ್ವೀಡಿಷರು ಆಕಾಶಕ್ಕೆ ಬಾಯಿ ತೆರೆದು, ಕೆಮ್ಮುತ್ತಾ, ಸೀನುತ್ತಾ, ನಗುತ್ತಾ ನಿಂತಿದ್ದರು. ಗೇಟಿನ ನಿಯಮ ಯಾರಿಗೂ ನೆನಪಾಗಲಿಲ್ಲ.

ನೆನಪಾದದ್ದು ಬಸ್‌ಸ್ಟಾಪಿನಲ್ಲಿ. ಬಿರ್ಗಿಟ್ಟಾಳ ಒಂದು ವರ್ಷದ ಬೇಡಿಕೆಯನ್ನು ನಾವು ಹಾಳುಮಾಡಿದ್ದೆವು. "ಬೇಕಾದರೆ ಮತ್ತೆ ಗೇಟಿನಿಂದ ಹೋಗೋಣ. ಈ ಸಲ ಒಂದು ಮಾತೂ ಆಡಲ್ಲ" ಎಂದೆ.

"ಬೇಡ" ಎಂದಳು ಬಿರ್ಗಿಟ್ಟಾ, ಒದ್ದೆ ಕಾಲರು ಹಿಂಡುತ್ತಾ. "ಗಂಡ ಹೋದ ಮೇಲೆ ನಾಲ್ಕು ವರ್ಷದಿಂದ ಒಂದೇ ಕೇಳ್ತಿದ್ದೀನಿ. ಮೊದಲಿನ ಹಾಗೆ ಯಾರಾದರೂ ನನ್ನ ಜೊತೆ ಜಗಳ ಆಡಲಿ ಅಂತ. ಕಟ್ಟಡದಲ್ಲಿ ಎಲ್ಲರೂ ಎಷ್ಟು ಒಳ್ಳೆಯವರು ಅಂದರೆ, ಒಬ್ಬರೂ ಒಂದು ಮಾತು ಬೈಯಲ್ಲ. ಇವತ್ತು ನೀರು ಇನ್ನೂ ಗಂಟಲಲ್ಲೇ ಇತ್ತು, ನಿನ್ನಮ್ಮ ಶುರು ಮಾಡಿದರು."

"ಹಾಗಾದರೆ ಈಗ ನಂಬ್ತೀಯಾ?"

"ಛೆ, ಇಲ್ಲ" ಎಂದಳು.

ಅವಳು ಏನಂದಳೆಂದು ಅಮ್ಮ ಕೇಳಿದಳು. ಹೇಳಿದೆ. "ಅಯ್ಯೋ ಪಾಪ" ಎಂದು ಅಮ್ಮ ಬಿರ್ಗಿಟ್ಟಾಳ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು, ಆಯಾಸಕ್ಕೆ ನಿದ್ದೆಹೋದರು.

ಯೋಟೆಬೊರಿಯಲ್ಲಿ ಇಳಿದು ಮೋಲ್ನ್‌ಡಾಲಿನ ಟ್ರಾಮು ಹತ್ತಿದೆವು. ಭಾನುವಾರದ ಸಂಜೆ, ಟ್ರಾಮು ತುಂಬಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಅಮ್ಮ ಸೀಟಿನ ತುದಿಯಲ್ಲಿ ಕೂತು ಚೀಲವನ್ನು ಎದೆಗವಚಿಕೊಂಡಳು. ತುಟಿ ಮತ್ತೆ ಬಿಗಿಯಾಯಿತು. ಕಾಡಿನಲ್ಲಿ ಬಿಡಿಸಿಕೊಂಡದ್ದು ಟ್ರಾಮಿನಲ್ಲಿ ಮತ್ತೆ ಗಂಟಾಯಿತು. ಗಂಟು ಹಾಕಿದ್ದೂ ಅಲ್ಲೇ ತಾನೆ. ಮನೆ ಮುಟ್ಟಿದ ಮೇಲೆ ಟಿಕೆಟ್ಟು ಬದಲಾಯಿಸುವ ಮಾತಿತ್ತು.

ಒಂಬತ್ತು ವರ್ಷದಲ್ಲಿ ನಾನು ಟ್ರಾಮಿನಲ್ಲಿ ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ.

"ಅಮ್ಮಾ!" ಎಂದೆ, ಹಿಂದಿನ ಬಾಗಿಲಿನವರೆಗೂ ಕೇಳಿಸುವಂತೆ. "ಆ ತಲಪರಿಗೆ ಕಥೆ ಅರ್ಧಕ್ಕೇ ನಿಂತೋಯ್ತಲ್ಲ! ಎಂಜಲು ಚೊಂಬು ಅದ್ದಿದ್ದು ಯಾರು, ಸಿಕ್ಕಿದ್ರಾ?"

ಇಡೀ ಟ್ರಾಮು ಕಿಟಕಿಯ ಆಚೆ ನೋಡತೊಡಗಿತು.

ಅಮ್ಮ ಗಾಬರಿಯಿಂದ ನನ್ನ ತೊಡೆ ಚಿವುಟಿದಳು. "ಮೆಲ್ಲಗೆ ಕಣೇ! ಜನ ನೋಡ್ತಾರೆ!"

"ಎಲ್ಲಮ್ಮ? ಒಬ್ರೂ ನೋಡ್ತಾ ಇಲ್ವಲ್ಲ?"

ಅಮ್ಮ ಸುತ್ತ ನೋಡಿದಳು. ಕಿಟಕಿಗೆ ತಿರುಗಿದ ತಲೆಗಳನ್ನು ಒಂದೊಂದಾಗಿ ನೋಡಿದಳು. ಅವಳ ಮುಖ ಸಡಿಲವಾಯಿತು. "ಯಾರಿಗೂ ಹೇಳಲ್ಲ ಅಂತ ಆಣೆ ಇಡು. ಅರವತ್ತು ವರ್ಷದಿಂದ ಒಬ್ರಿಗೂ ಹೇಳಿಲ್ಲ" ಎಂದಳು. ಆಣೆಯಿಟ್ಟೆ. ಆಮೇಲೆ ನಾಲ್ಕನೇ ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ಆ ಗಂಟಲಿನಲ್ಲಿ, ಮೋಲ್ನ್‌ಡಾಲಿನ ಟ್ರಾಮು ಪೂರಾ ಕೇಳುವಂತೆ ಗುಟ್ಟು ಹೇಳಿದಳು. "ನಾನೇ ಕಣೇ! ಒಂಬತ್ತು ವರ್ಷ ನಂಗೆ. ಬಾಯಾರಿಕೆ ತಡೀಲಾರ್ದೆ ಕಚ್ಚಿ ಕುಡಿದು, ಹಂಗೇ ಅದ್ದಿಬಿಟ್ಟೆ. ಅರಳಿಕಟ್ಟೆ ಮೇಲೆ ಎಲ್ಲರ ಜೊತೆ ನಾನೂ ಕೂತಿದ್ದೆ. ಎಲ್ಲಿ ಬಾಯಿ ಬಿಡಿಸ್ತಾರೋ ಅಂತ ಮೂರು ದಿನ ಒಂದೇ ಒಂದು ಮಾತಾಡ್ಲಿಲ್ಲ. ಭಯಕ್ಕೆ ಮಾತೇ ನಿಂತೋಗಿತ್ತು ಕಣೇ. ನಾಲ್ಕನೇ ದಿನ ಬೆಳಗ್ಗೆ ನಮ್ಮಜ್ಜಿ ನನ್ನ ಎಬ್ಬಿಸಿ..."

"ಅಮ್ಮ" ಎಂದೆ. ತಡೆಯಲಾಗಲಿಲ್ಲ. "ಹಾಗಾದ್ರೆ ಟಿಕೆಟ್ಟು..."

"ಕಥೆ ಮಧ್ಯೆ ಬಾಯಿ ಹಾಕ್ತಾರೇನೇ? ಇನ್ನೂ ಅರ್ಧ ಕೂಡ ಆಗಿಲ್ಲ, ಹೇಳೋದು ಇನ್ನೂ ಎರಡು ತಿಂಗಳಿದೆ! ಕೈ ಕಟ್! ಬಾಯ್ ಮುಚ್!"

ನಾನು ಎದೆಯ ಮೇಲೆ ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂತೆ. ಪಕ್ಕದಲ್ಲಿ ಬಿರ್ಗಿಟ್ಟಾ, ಒಂದಕ್ಷರವೂ ಅರ್ಥವಾಗದಿದ್ದರೂ, ತಾನೂ ಕೈ ಕಟ್ಟಿದಳು.